ಸರ್ಕಾರಿ ಮೇಜು ಮತ್ತು ರಶೀದಿ ಪುಸ್ತಕ

ಚಂದಾ ಕೊಡುವುದರಲ್ಲಿ ನಮ್ಮ ಕರಾವಳಿಯವರು ಹಿಂದೆ ಬಿದ್ದವರಲ್ಲ. ಭಟ್ಕಳದಿಂದ ಹೊರಟು ಹೊನ್ನಾವರ ದಾಟಿ ಕುಮಟಾ ಮುಟ್ಟುವಷ್ಟರಲ್ಲಿ ಹೆದ್ದಾರಿಯ ಎರಡೂ ಬದಿಗೆ ಕಾಣುವ ಮಸೀದಿ, ದೇವಸ್ಥಾನ, ಇಗರ್ಜಿ, ಶಾಲೆ, ಯುವಕ ಮಂಡಲದ ಕಟ್ಟಡಗಳನ್ನು ನೋಡಿ. ಅವುಗಳಲ್ಲಿ ಹೆಚ್ಚಿನವು ಹತ್ತು, ಐವತ್ತು, ನೂರು ರೂಪಾಯಿಯ ರಶೀದಿಗಳಿಂದ ಎದ್ದು ನಿಂತವು. ಭಟ್ಕಳದ ಮಜ್ಲಿಸೆ ಇಸ್ಲಾಹ್ ವ ತಂಝೀಮ್ 1912ರಲ್ಲಿ ಹುಟ್ಟಿತು, ಅಂಜುಮನ್ ಹಾಮಿಎ ಮುಸ್ಲಿಮೀನ್ 1919ರಲ್ಲಿ. ನೂರು ವರ್ಷ ದಾಟಿದ ಈ ಸಂಸ್ಥೆಗಳ ಹಿಂದೆ ಊರಲ್ಲಿ ಉಳಿದವರ ದುಡಿಮೆಯೂ ಇದೆ, ಪರದೇಶಕ್ಕೆ ಹೋದವರ ಬೆವರೂ ಇದೆ. ಚೌತಿ ಬಂದರೆ ಗಣಪತಿಯ ವಂತಿಗೆ, ಮಳೆಗಾಲ ಮುಗಿದರೆ ಯಕ್ಷಗಾನದ ವಂತಿಗೆ, ರಮಝಾನ್ ಬಂದರೆ ಝಕಾತ್ ಮತ್ತು ಸದಕ. ವರ್ಷದ ಯಾವ ತಿಂಗಳಲ್ಲೂ ನಮ್ಮ ಬಾಗಿಲಿಗೆ ಒಂದು ರಶೀದಿ ಪುಸ್ತಕ ಬಾರದೇ ಇರುವುದಿಲ್ಲ.

ಬಾಗಿಲಿಗೆ ಬಂದವರನ್ನು ನಾವು ಏನು ಮಾಡುತ್ತೇವೆ? ಮನಸ್ಸಿದ್ದರೆ ಕೊಡುತ್ತೇವೆ. ಇಲ್ಲದಿದ್ದರೆ "ಮನೆಯಲ್ಲಿ ಯಜಮಾನರಿಲ್ಲ" ಎನ್ನುತ್ತೇವೆ, "ನಾಳೆ ಬನ್ನಿ" ಎನ್ನುತ್ತೇವೆ. ಐನೂರು ಕೇಳಿದರೆ ನೂರಕ್ಕೆ ಇಳಿಸುತ್ತೇವೆ. ಬಂದವರಿಗೂ ಇದು ಗೊತ್ತು. ಅವರು ನಕ್ಕು ಮುಂದಿನ ಮನೆಗೆ ಹೋಗುತ್ತಾರೆ. ಈ "ನಾಳೆ ಬನ್ನಿ" ಎಂಬ ಮಾತು ಮೇಲ್ನೋಟಕ್ಕೆ ಜಿಪುಣತನದಂತೆ ಕಂಡರೂ ಚಂದಾದ ಮರ್ಯಾದೆಯನ್ನು ಕಾಪಾಡುವುದು ಅದೇ. ಇಲ್ಲ ಎನ್ನುವ ಸ್ವಾತಂತ್ರ್ಯ ಇದ್ದುದರಿಂದಲೇ ಕೊಟ್ಟದ್ದು ದೇಣಿಗೆಯಾಗುತ್ತದೆ. ಆ ಸ್ವಾತಂತ್ರ್ಯ ಇಲ್ಲದ ಕಡೆ ಕೊಟ್ಟದ್ದಕ್ಕೆ ಬೇರೆ ಹೆಸರು ಹುಡುಕಬೇಕಾಗುತ್ತದೆ.

ಈಗ ಅದೇ ರಶೀದಿ ಪುಸ್ತಕವನ್ನು ಬಾಗಿಲಿನಿಂದ ಎತ್ತಿ ಒಂದು ಸರ್ಕಾರಿ ಮೇಜಿನ ಮೇಲೆ ಇಟ್ಟು ನೋಡೋಣ. ಹೊನ್ನಾವರದ ಘಟ್ಟದ ಬುಡದ ಹಳ್ಳಿಯೊಂದರಿಂದ ಒಬ್ಬರು ಬಂದಿದ್ದಾರೆ ಎಂದು ಭಾವಿಸಿ. ನಮ್ಮ ಜಿಲ್ಲೆಯ ಬಹುಪಾಲು ಭೂಮಿ ಅರಣ್ಯದ ಲೆಕ್ಕದಲ್ಲಿದೆ. ಅಜ್ಜನ ಕಾಲದಿಂದ ಉಳುತ್ತ ಬಂದ ತುಂಡು ಜಾಗಕ್ಕೆ ಹಕ್ಕುಪತ್ರ ಬೇಕೆಂದು 2006ರ ಅರಣ್ಯ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿ ಕಾಯುತ್ತಿರುವ ಕುಟುಂಬಗಳು ಇಲ್ಲಿ ಎಷ್ಟೋ ಇವೆ. ಅಂಥ ಒಬ್ಬರು ಬಸ್ಸು ಹತ್ತಿ, ಕೂಲಿ ಬಿಟ್ಟು, ಪ್ಲಾಸ್ಟಿಕ್ ಚೀಲದಲ್ಲಿ ಕಾಗದಗಳನ್ನು ಹಿಡಿದು ಕಚೇರಿಗೆ ಬಂದಿದ್ದಾರೆ. ಒಳಗೆ ಅಧಿಕಾರಸ್ಥರೊಬ್ಬರು ಕುಳಿತಿದ್ದಾರೆ. ಅವರು ಅಧಿಕಾರಿಯೂ ಇರಬಹುದು, ಚುನಾಯಿತ ಪ್ರತಿನಿಧಿಯೂ ಇರಬಹುದು. ಕಾಗದ ನೋಡಿ, "ಆಗಲಿ, ನೋಡುವ" ಎನ್ನುತ್ತಾರೆ. ನಂತರ ಮೆಲ್ಲಗೆ, "ಪಕ್ಷದ ಸಮಾವೇಶ ಇದೆ, ನಿಮ್ಮ ಕೈಲಾದಷ್ಟು..." ಎಂದು ಪುಸ್ತಕವನ್ನು ಮುಂದೆ ಸರಿಸುತ್ತಾರೆ.

ಇಲ್ಲಿ ಯಾರೂ ಯಾರನ್ನೂ ಹೆದರಿಸಿಲ್ಲ. ಕೊಡದಿದ್ದರೆ ಕೆಲಸ ಆಗುವುದಿಲ್ಲ ಎಂದು ಯಾರೂ ಹೇಳಿಲ್ಲ. ಕೇಳಿದವರು ಒಳ್ಳೆಯ ಮನುಷ್ಯರೇ ಇರಬಹುದು. ಕೊಡದೆ ಹೋದರೂ ಅರ್ಜಿಯನ್ನು ನ್ಯಾಯವಾಗಿಯೇ ನೋಡುವವರಿರಬಹುದು. ಆದರೆ ಎದುರು ನಿಂತವರಿಗೆ ಅದು ಗೊತ್ತಾಗುವ ಬಗೆ ಹೇಗೆ? "ನಾಳೆ ಬನ್ನಿ" ಎಂಬ ಮಾತನ್ನು ಈ ಕೋಣೆಯಲ್ಲಿ ಹೇಳುವ ಅಧಿಕಾರ ಮೇಜಿನ ಆಚೆ ಬದಿಯವರಿಗೆ ಮಾತ್ರ ಇದೆ. ಈಚೆ ಬದಿಯವರು ಕೈ ಜೇಬಿಗೆ ಹಾಕುತ್ತಾರೆ. ಹೊರಗೆ ಬಂದ ಮೇಲೆ ಅವರನ್ನು ಕೇಳಿದರೆ ಪಕ್ಷಕ್ಕೆ ದೇಣಿಗೆ ಕೊಟ್ಟೆ ಎನ್ನುವುದಿಲ್ಲ, ಆಫೀಸಿನಲ್ಲಿ ಖರ್ಚಾಯಿತು ಎನ್ನುತ್ತಾರೆ.

ನಾವು ಹೇಳಬೇಕೆಂದಿರುವ ಮಾತು ಇಷ್ಟೇ. ಅಧಿಕಾರದ ಜಾಗದಿಂದ ಕೇಳಿದ ಚಂದಾ ತಪ್ಪಾಗುವುದಕ್ಕೆ ಕೇಳಿದವರ ಮನಸ್ಸು ಕೆಟ್ಟದಿರಬೇಕೆಂದಿಲ್ಲ. ಇಲ್ಲ ಎಂದರೆ ಏನಾಗುತ್ತದೆ ಎಂಬುದು ಕೊಡುವವರಿಗೆ ತಿಳಿಯದು ಎಂಬುದೇ ಸಾಕು. ಆದ್ದರಿಂದ ಕೇಳುವವರ ಪ್ರಾಮಾಣಿಕತೆಯ ಮೇಲೆ ಭಾರ ಹಾಕಿ ಸುಮ್ಮನಾಗದೆ, ಆ ಜಾಗದಲ್ಲಿ ಕೇಳುವುದನ್ನೇ ನಿಲ್ಲಿಸಬೇಕು.

ಈ ವಿಚಾರ ಹೊಸದೇನೂ ಅಲ್ಲ. ಪ್ರವಾದಿ ಮುಹಮ್ಮದ್(ಸ)ರ ಕಾಲದ ಒಂದು ಘಟನೆಯನ್ನು ಬುಖಾರಿ ಮತ್ತು ಮುಸ್ಲಿಮ್ ಹದೀಸ್ ಸಂಗ್ರಹಗಳು ದಾಖಲಿಸಿವೆ. ಝಕಾತ್ ವಸೂಲಿಗೆ ನೇಮಕಗೊಂಡಿದ್ದ ಇಬ್ನುಲ್ಲುತ್ಬಿಯ್ಯ ಎಂಬವರು ಮರಳಿ ಬಂದು ತಂದದ್ದನ್ನು ಎರಡು ಪಾಲು ಮಾಡಿದರು. ಒಂದು ಸಾರ್ವಜನಿಕ ಬೊಕ್ಕಸದ್ದು, ಇನ್ನೊಂದು ಜನ ತಮಗೆ ಉಡುಗೊರೆಯಾಗಿ ಕೊಟ್ಟದ್ದು ಎಂದರು. ಪ್ರವಾದಿ(ಸ)ಯವರಿಗೆ ಇದು ಒಪ್ಪಿಗೆಯಾಗಲಿಲ್ಲ. ಈ ವ್ಯಕ್ತಿ ತನ್ನ ತಂದೆಯ ಅಥವಾ ತಾಯಿಯ ಮನೆಯಲ್ಲಿಯೇ ಕುಳಿತಿದ್ದರೆ ಈ ಉಡುಗೊರೆ ಬರುತ್ತಿತ್ತೇ ಎಂಬ ಅರ್ಥದ ಪ್ರಶ್ನೆಯನ್ನು ಅವರು ಮಿಂಬರಿನಿಂದ ಎಲ್ಲರ ಮುಂದೆ ಎತ್ತಿದರು.

ಈ ಪ್ರಶ್ನೆ ಎಷ್ಟು ಸರಳವಾಗಿದೆ ನೋಡಿ. ಇಬ್ನುಲ್ಲುತ್ಬಿಯ್ಯ ಕದ್ದಿರಲಿಲ್ಲ, ಮುಚ್ಚಿಡಲೂ ಇಲ್ಲ. ತಾನು ಪಡೆದದ್ದನ್ನು ಎಲ್ಲರೆದುರು ಹೇಳಿದ್ದರು. ಕೊಟ್ಟವರು ಒಲ್ಲದೆ ಕೊಟ್ಟರು ಎಂಬ ದೂರೂ ಅಲ್ಲಿರಲಿಲ್ಲ. ಹಾಗಿದ್ದರೂ ಪ್ರಶ್ನೆ ಬಂತು. ಏಕೆಂದರೆ ಉಡುಗೊರೆ ಬಂದದ್ದು ಮನುಷ್ಯನಿಗಲ್ಲ, ಅವನು ಹೊತ್ತಿದ್ದ ಹುದ್ದೆಗೆ. ನಮ್ಮ ಕಾಲದ ಯಾವ ಅಧಿಕಾರಸ್ಥರಿಗೂ, ಅವರು ಯಾವ ಧರ್ಮದವರೇ ಇರಲಿ, ಯಾವ ಪಕ್ಷದವರೇ ಇರಲಿ, ಈ ಪ್ರಶ್ನೆಯನ್ನು ಹಾಕಬಹುದು. ನೀವು ಈ ಕುರ್ಚಿಯಲ್ಲಿ ಇಲ್ಲದೆ ನಿಮ್ಮ ಮನೆಯ ಜಗಲಿಯಲ್ಲಿ ಕುಳಿತು ಕೇಳಿದ್ದರೆ ಮರಳು ಗುತ್ತಿಗೆದಾರ ಇಷ್ಟು ಕೊಡುತ್ತಿದ್ದನೇ?

ಖಲೀಫ ಉಮರ್ ಬಿನ್ ಅಬ್ದುಲ್ ಅಝೀಝ್ ಅವರ ಬಗ್ಗೆ ಪ್ರಸಿದ್ಧವಾದ ಇನ್ನೊಂದು ಕಥೆ ನಮ್ಮ ಮದ್ರಸದ ಮಕ್ಕಳಿಗೂ ಗೊತ್ತು. ರಾತ್ರಿ ಸರ್ಕಾರದ ಕೆಲಸದಲ್ಲಿದ್ದಾಗ ಬಂದವರು ಖಾಸಗಿ ಮಾತಿಗೆ ತೊಡಗಿದೊಡನೆ ಅವರು ಬೊಕ್ಕಸದ ಎಣ್ಣೆಯ ದೀಪ ಆರಿಸಿ ಸ್ವಂತದ ದೀಪ ಹಚ್ಚಿದರಂತೆ. ಎಷ್ಟು ಎಣ್ಣೆ ಉಳಿದೀತು? ಒಂದು ಚಮಚವೂ ಇರಲಿಕ್ಕಿಲ್ಲ. ಆದರೆ ದೀಪ ಬದಲಾದಾಗ ಆ ಕೋಣೆಯಲ್ಲಿ ಕುಳಿತಿದ್ದ ಇಬ್ಬರಿಗೂ ಒಂದು ವಿಷಯ ಸ್ಪಷ್ಟವಾಗಿರಬೇಕು: ಈಗ ಮಾತಾಡುತ್ತಿರುವವರು ಖಲೀಫರಲ್ಲ, ಉಮರ್. ಸರ್ಕಾರಿ ಜಾಗ ಮತ್ತು ಖಾಸಗಿ ಜಾಗದ ನಡುವಿನ ಗೆರೆ ಇರುವುದು ಈ ಸ್ಪಷ್ಟತೆಗಾಗಿ.

ನಮ್ಮ ಕಾನೂನುಗಳು ಈ ಗೆರೆಯನ್ನು ಎಷ್ಟರಮಟ್ಟಿಗೆ ಎಳೆದಿವೆ? ಸರ್ಕಾರಿ ನೌಕರರ ಮಟ್ಟಿಗೆ ಸಾಕಷ್ಟು ಬಿಗಿಯಾಗಿಯೇ ಎಳೆದಿವೆ. ಕರ್ನಾಟಕದಲ್ಲಿ 1966ರ ನಡತೆ ನಿಯಮಗಳು ಬಹಳ ಕಾಲ ಜಾರಿಯಲ್ಲಿದ್ದವು, ಅವುಗಳ ಜಾಗಕ್ಕೆ 2021ರ ನಿಯಮಗಳು ಬಂದಿವೆ. ನೌಕರ ಯಾವುದೇ ರಾಜಕೀಯ ಪಕ್ಷದ ಸದಸ್ಯನಾಗಬಾರದು, ರಾಜಕೀಯ ಚಟುವಟಿಕೆಗೆ ಚಂದಾ ಕೊಡಬಾರದು, ನೆರವಾಗಬಾರದು ಎಂಬುದು ಅದರ ಸಾರ. 1951ರ ಪ್ರಜಾ ಪ್ರಾತಿನಿಧ್ಯ ಕಾಯ್ದೆಯ 123(7)ನೇ ಕಲಮಿನ ಪ್ರಕಾರ ಅಭ್ಯರ್ಥಿಯು ತನ್ನ ಗೆಲುವಿಗಾಗಿ ಅಲ್ಲಿ ಹೆಸರಿಸಿದ ವರ್ಗಗಳ ಸರ್ಕಾರಿ ನೌಕರರ ನೆರವು ಪಡೆಯುವುದು ಭ್ರಷ್ಟ ಆಚರಣೆ. ಇದು ಪುಸ್ತಕದಲ್ಲಿ ಮಲಗಿರುವ ಕಲಮಲ್ಲ. 1975ರ ಜೂನ್ 12ರಂದು ಅಲಹಾಬಾದ್ ಹೈಕೋರ್ಟಿನ ನ್ಯಾಯಮೂರ್ತಿ ಜಗಮೋಹನಲಾಲ್ ಸಿನ್ಹಾ ಅವರು ಪ್ರಧಾನಿ ಇಂದಿರಾ ಗಾಂಧಿಯವರ ಆಯ್ಕೆಯನ್ನು ಅಸಿಂಧುಗೊಳಿಸಿದ್ದು ಇದರ ಆಧಾರದ ಮೇಲೆಯೇ. ಸರ್ಕಾರಿ ಸೇವೆಯಲ್ಲಿದ್ದ ಯಶಪಾಲ್ ಕಪೂರ್ ಅವರ ನೆರವು ಪಡೆದದ್ದು ಒಂದು ಕಾರಣ. ಭಾಷಣದ ವೇದಿಕೆ ಕಟ್ಟಲು, ಧ್ವನಿವರ್ಧಕಕ್ಕೆ ವಿದ್ಯುತ್ ಒದಗಿಸಲು ಉತ್ತರಪ್ರದೇಶದ ಅಧಿಕಾರಿಗಳನ್ನು ಬಳಸಿದ್ದು ಇನ್ನೊಂದು. ವೇದಿಕೆಯ ಹಲಗೆಗಳಿಗಾಗಿ ಪ್ರಧಾನಿಯ ಸ್ಥಾನ ಹೋಗಬೇಕೇ ಎಂದು ಆಗ ಹಲವರು ನಕ್ಕರು. ಮುಂದೆ ಕಾನೂನನ್ನೇ ತಿದ್ದಲಾಯಿತು, 1975ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಆಯ್ಕೆಯನ್ನು ಎತ್ತಿಹಿಡಿಯಿತು. ಆದರೆ ಹಲಗೆ ಸಣ್ಣದು ಎಂದು ನಕ್ಕವರು ಅದು ಯಾರ ಹಲಗೆ ಎಂದು ಕೇಳಿಕೊಳ್ಳಲಿಲ್ಲ.

ಇನ್ನು ಮಂತ್ರಿಗಳ ವಿಷಯ. ಅವರಿಗೂ 1964ರಿಂದ ಒಂದು ನೀತಿ ಸಂಹಿತೆ ಇದೆ. ಅದರಲ್ಲಿ ಮಂತ್ರಿಗಳು ನಿಧಿ ಸಂಗ್ರಹದಲ್ಲಿ ತೊಡಗಬಾರದು ಎಂದಿದೆ, ಆದರೆ ಎರಡು ವಿನಾಯಿತಿಗಳಿವೆ. ನೋಂದಾಯಿತ ಅಥವಾ ಮಾನ್ಯತೆ ಪಡೆದ ಸೇವಾ ಸಂಸ್ಥೆಗೆ ಎತ್ತಬಹುದು, ರಾಜಕೀಯ ಪಕ್ಷಕ್ಕೂ ಎತ್ತಬಹುದು. ಹಣ ಮಾತ್ರ ತಮ್ಮ ಕೈಗೆ ಬರದೆ ಸಂಸ್ಥೆಯ ಅಥವಾ ಪಕ್ಷದ ಪದಾಧಿಕಾರಿಗೆ ಹೋಗುವಂತೆ ನೋಡಿಕೊಳ್ಳಬೇಕು. ಬೇಲಿ ಹಾಕಿದವರೇ ಬೇಲಿಯಲ್ಲಿ ದಣಪೆಯನ್ನೂ ಇಟ್ಟಿದ್ದಾರೆ. ಹಣ ಯಾರ ಕೈಗೆ ಹೋಯಿತು ಎಂಬುದನ್ನು ಈ ಸಂಹಿತೆ ಕೇಳುತ್ತದೆ. ಯಾವ ಕುರ್ಚಿಯಿಂದ ಕೇಳಲಾಯಿತು ಎಂಬುದನ್ನು ಕೇಳುವುದಿಲ್ಲ. ಆದರೆ ನಮ್ಮ ಹಕ್ಕುಪತ್ರದ ಅರ್ಜಿದಾರರ ಕಷ್ಟವಿರುವುದು ಎರಡನೆಯ ಪ್ರಶ್ನೆಯಲ್ಲಿ. ಅವರು ಕೊಟ್ಟ ಹಣ ನಯಾಪೈಸೆ ತಪ್ಪದೆ ಪಕ್ಷದ ಖಜಾಂಚಿಯನ್ನು ಮುಟ್ಟಿದರೂ ಅವರ ಭಯ ಕಡಿಮೆಯಾಗಲಿಲ್ಲ. ಮೇಲಾಗಿ ಈ ಸಂಹಿತೆಯನ್ನು ಮುರಿದವರನ್ನು ನ್ಯಾಯಾಲಯಕ್ಕೆ ಎಳೆಯಲು ಬರುವುದಿಲ್ಲ.

ಉಳಿದದ್ದು ಚುನಾವಣಾ ಆಯೋಗದ ಮಾದರಿ ನೀತಿ ಸಂಹಿತೆ. 1960ರಲ್ಲಿ ಕೇರಳದ ಚುನಾವಣೆಯಲ್ಲಿ ಮೊಳೆತ ಈ ಸಂಹಿತೆಗೆ 1979ರಲ್ಲಿ ಆಳುವ ಪಕ್ಷಕ್ಕೆ ಸಂಬಂಧಿಸಿದ ಭಾಗ ಸೇರಿತು. ಮಂತ್ರಿಗಳು ಸರ್ಕಾರಿ ಪ್ರವಾಸವನ್ನು ಚುನಾವಣಾ ಪ್ರಚಾರದ ಜೊತೆ ಬೆರೆಸಬಾರದು, ಸರ್ಕಾರಿ ವಾಹನ ಬಳಸಬಾರದು, ಪ್ರವಾಸಿ ಮಂದಿರಗಳನ್ನು ಪ್ರಚಾರ ಕಚೇರಿ ಮಾಡಿಕೊಳ್ಳಬಾರದು. ಚುನಾವಣೆ ಘೋಷಣೆಯಾದ ದಿನ ನಮ್ಮ ತಾಲೂಕು ಕೇಂದ್ರಗಳಲ್ಲಿ ಆಗುವ ಬದಲಾವಣೆಯನ್ನು ಎಲ್ಲರೂ ನೋಡಿದ್ದೇವೆ. ಫ್ಲೆಕ್ಸುಗಳು ಇಳಿಯುತ್ತವೆ, ಉದ್ಘಾಟನಾ ಫಲಕಗಳ ಮೇಲೆ ಬಟ್ಟೆ ಬೀಳುತ್ತದೆ, ಐಬಿಯ ಅಂಗಳದಲ್ಲಿ ನಿಲ್ಲುತ್ತಿದ್ದ ಕಾರುಗಳ ಸಾಲು ಕರಗುತ್ತದೆ. ಫಲಿತಾಂಶ ಬಂದು ಸಂಹಿತೆ ಮುಗಿದೊಡನೆ ಕಾರುಗಳು ಮತ್ತೆ ಬರುತ್ತವೆ. ಒಂದೆರಡು ತಿಂಗಳು ತಪ್ಪಾಗಿದ್ದದ್ದು ಉಳಿದ ನಾಲ್ಕು ಮುಕ್ಕಾಲು ವರ್ಷ ಹೇಗೆ ಸರಿಯಾಗುತ್ತದೆ? ಚಂದಾ ಸುಗ್ಗಿ ಚುನಾವಣೆಯ ತಿಂಗಳಲ್ಲೇ ನಡೆಯಬೇಕೆಂದೇನೂ ಇಲ್ಲ. ಬಿತ್ತುವವರು ಮಳೆಗಿಂತ ಮೊದಲೇ ಗದ್ದೆ ಹದ ಮಾಡಿರುತ್ತಾರೆ.

ಬೇರೆ ದೇಶಗಳೂ ಈ ಕಷ್ಟ ಅನುಭವಿಸಿವೆ. ಅಮೆರಿಕದಲ್ಲಿ ಹತ್ತೊಂಬತ್ತನೇ ಶತಮಾನದಲ್ಲಿ ಗೆದ್ದ ಪಕ್ಷ ಸರ್ಕಾರಿ ಕೆಲಸಗಳನ್ನು ತನ್ನವರಿಗೆ ಹಂಚುತ್ತಿತ್ತು. ಕೆಲಸ ಸಿಕ್ಕವರು ಸಂಬಳದ ಒಂದು ಪಾಲನ್ನು ಪಕ್ಷಕ್ಕೆ ಒಪ್ಪಿಸಬೇಕಾಗಿತ್ತು. 1881ರಲ್ಲಿ ಕೆಲಸ ಸಿಗದ ಸಿಟ್ಟಿನಲ್ಲಿ ಒಬ್ಬಾತ ಅಧ್ಯಕ್ಷ ಗಾರ್ಫೀಲ್ಡರಿಗೆ ಗುಂಡು ಹಾರಿಸಿದ. ಆ ಆಘಾತದ ನಂತರ 1883ರಲ್ಲಿ ಬಂದ ಪೆಂಡಲ್ಟನ್ ಕಾಯ್ದೆ, ಸರ್ಕಾರಿ ಕಟ್ಟಡಗಳ ಒಳಗೆ ರಾಜಕೀಯ ಚಂದಾ ಕೇಳುವುದನ್ನು ಅಪರಾಧ ಮಾಡಿತು. 1908ರಲ್ಲಿ ಒಂದು ಸ್ವಾರಸ್ಯದ ಮೊಕದ್ದಮೆ ಅಲ್ಲಿನ ಸುಪ್ರೀಂ ಕೋರ್ಟಿಗೆ ಬಂತು. ಟೆಕ್ಸಾಸಿನ ಡಲ್ಲಾಸಿನಲ್ಲಿ ಅಂಚೆ ಕಚೇರಿಯ ನೌಕರರಿಗೆ ಚಂದಾ ಕೇಳಿ ಪತ್ರ ಬರೆದವನು, ತಾನು ಆ ಕಟ್ಟಡದ ಒಳಗೆ ಕಾಲಿಟ್ಟಿಲ್ಲ ಎಂದು ವಾದಿಸಿದ. ಪತ್ರ ಎಲ್ಲಿ ಕೈಸೇರಿತೋ ಅಲ್ಲೇ ಕೇಳಿದಂತೆ ಎಂದು ಕೋರ್ಟು ತೀರ್ಮಾನಿಸಿತು. ಕೇಳುವವನ ಕಾಲು ಎಲ್ಲಿದೆ ಎನ್ನುವುದಕ್ಕಿಂತ ಕೊಡುವವನ ಮೇಲೆ ಒತ್ತಡ ಎಲ್ಲಿ ಬೀಳುತ್ತದೆ ಎನ್ನುವುದು ಮುಖ್ಯ ಎಂಬ ತಿಳಿವಳಿಕೆ ಆ ತೀರ್ಪಿನ ಹಿಂದಿದೆ.

ತೊಂಬತ್ತು ವರ್ಷಗಳ ನಂತರ ಅದೇ ಕಾನೂನು ಬೇರೊಂದು ರೀತಿಯಲ್ಲಿ ಸುದ್ದಿಯಾಯಿತು. ಉಪಾಧ್ಯಕ್ಷ ಅಲ್ ಗೋರ್ ತಮ್ಮ ಸರ್ಕಾರಿ ಕಚೇರಿಯ ಫೋನಿನಿಂದಲೇ ಪಕ್ಷಕ್ಕೆ ಹಣ ಕೇಳಿದ್ದು 1997ರಲ್ಲಿ ಬಯಲಾಯಿತು. ತಾವು ಯಾವ ಕಾನೂನನ್ನೂ ಮುರಿದಿಲ್ಲ, ಆದರೆ ಇನ್ನು ಮುಂದೆ ಹಾಗೆ ಮಾಡುವುದಿಲ್ಲ ಎಂದು ಅವರು ಹೇಳಿದರು. ವಿಶೇಷ ತನಿಖೆಯ ಅಗತ್ಯವಿಲ್ಲ ಎಂದು ಆ ವರ್ಷದ ಡಿಸೆಂಬರಿನಲ್ಲಿ ಅಟಾರ್ನಿ ಜನರಲ್ ಜಾನೆಟ್ ರೆನೊ ತೀರ್ಮಾನಿಸಿದರು. 2002ರಲ್ಲಿ ಆ ಕಲಮನ್ನು ತಿದ್ದಿ ಬಿಗಿಗೊಳಿಸಲಾಯಿತು. ಗೋರ್ ಅವರ ಮಾತಿನ ಎರಡು ಭಾಗಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಕಾನೂನಿಗೆ ಮುಟ್ಟದ ತಪ್ಪೊಂದು ಅಲ್ಲಿತ್ತು ಎಂಬುದು ಎರಡನೆಯ ಭಾಗದಲ್ಲೇ ಇದೆ.

ಈ ವಾದಕ್ಕೆ ಎದುರು ಮಾತುಗಳಿವೆ. ಅವುಗಳನ್ನು ತಳ್ಳಿಹಾಕುವಂತಿಲ್ಲ. ಮೊದಲನೆಯದು: ಜಾಗದ ಗೆರೆಯಿಂದ ಏನು ಪ್ರಯೋಜನ? ಕಚೇರಿಯಲ್ಲಿ ಬೇಡವೆಂದರೆ ಮನೆಗೆ ಕರೆಸುತ್ತಾರೆ, ಮೇಜಿನ ಫೋನು ಬೇಡವೆಂದರೆ ಜೇಬಿನ ಮೊಬೈಲು ತೆಗೆಯುತ್ತಾರೆ. ಮಂತ್ರಿ ತನ್ನ ಮನೆಯಲ್ಲೂ ಮಂತ್ರಿಯೇ ಅಲ್ಲವೇ? ನಿಜ. ಜಾಗದ ಗೆರೆ ಎಲ್ಲ ಒತ್ತಡವನ್ನೂ ತಡೆಯದು. ಆದರೆ ಅದು ಮೂರು ಕೆಲಸ ಮಾಡುತ್ತದೆ. ಬೇರೆ ಗತಿಯಿಲ್ಲದೆ ಕಚೇರಿಗೆ ಬರಲೇಬೇಕಾದ ಬಡವರನ್ನು ಅದು ಕಾಪಾಡುತ್ತದೆ, ಮನೆಗೆ ಕರೆಸಿಕೊಳ್ಳುವಷ್ಟು ದೊಡ್ಡವರು ಹೇಗೂ ತಮ್ಮ ದಾರಿ ನೋಡಿಕೊಳ್ಳುತ್ತಾರೆ. ಕಚೇರಿಯ ಜವಾನ, ಗುಮಾಸ್ತ, ಚಾಲಕ ಇವರನ್ನು ವಸೂಲಿಯ ಆಳುಗಳಾಗದಂತೆ ಕಾಪಾಡುತ್ತದೆ. ಇನ್ನೊಂದು ಪಕ್ಷಕ್ಕೆ ಓಟು ಹಾಕಿದವರ ತೆರಿಗೆಯಿಂದ ಕಟ್ಟಿದ ಗೋಡೆಯೊಳಗೆ ಆ ಪಕ್ಷವನ್ನು ಸೋಲಿಸುವ ಹಣ ಸೇರದಂತೆ ತಡೆಯುತ್ತದೆ. ಬೇಲಿ ಹಾಕಿದರೂ ಹಂದಿ ನುಗ್ಗುತ್ತದೆಂದು ಯಾವ ರೈತನೂ ಬೇಲಿ ಕಿತ್ತುಹಾಕುವುದಿಲ್ಲ.

ಎರಡನೆಯದು: ಹಣವಿಲ್ಲದೆ ಚುನಾವಣೆ ನಡೆಯುವುದಿಲ್ಲ. ನಮ್ಮ ರಾಜ್ಯದಲ್ಲಿ ವಿಧಾನಸಭೆಯ ಒಬ್ಬ ಅಭ್ಯರ್ಥಿ 40 ಲಕ್ಷ ರೂಪಾಯಿಯವರೆಗೆ ಖರ್ಚು ಮಾಡಲು 2022ರಿಂದ ಅನುಮತಿ ಇದೆ. ಪಕ್ಷ ಮಾಡುವ ಖರ್ಚಿಗಂತೂ ಮಿತಿಯೇ ಇಲ್ಲ. ಹೊನ್ನಾವರ ತಾಲೂಕು ಭಟ್ಕಳ ಮತ್ತು ಕುಮಟಾ ಎಂಬ ಎರಡು ಕ್ಷೇತ್ರಗಳಿಗೆ ಹಂಚಿಹೋಗಿದೆ. ಅಲ್ಲಿ ನಿಲ್ಲುವವರು ಕಡಲತೀರದಿಂದ ಘಟ್ಟದವರೆಗೆ ಓಡಾಡಬೇಕು. ಕೇಳುವುದನ್ನು ನಿಲ್ಲಿಸಿದರೆ ಹುಟ್ಟು ಶ್ರೀಮಂತರು ಮಾತ್ರ ನಿಲ್ಲಬಲ್ಲರು ಎಂಬ ಆತಂಕ ನ್ಯಾಯವಾದದ್ದೇ. ಆದರೆ ಕೇಳಬಾರದು ಎಂದು ನಾವು ಹೇಳುತ್ತಿಲ್ಲ. 1921ರಲ್ಲಿ ತಿಲಕ್ ಸ್ವರಾಜ್ಯ ನಿಧಿಗೆ ಒಂದು ಕೋಟಿ ರೂಪಾಯಿ ಕೂಡಿತು. ಕೇಳಿದವರ ಹಿಂದೆ ಯಾವ ಕಚೇರಿಯೂ ಇರಲಿಲ್ಲ, ಇದ್ದದ್ದು ಜೈಲು. ಕೊಟ್ಟವರಿಗೆ ಲಾಭದ ಬದಲು ಅಪಾಯವಿತ್ತು. ಅದೇ ದೇಶದಲ್ಲಿ ಎರಡನೇ ಮಹಾಯುದ್ಧದ ಹೊತ್ತಿಗೆ ಬ್ರಿಟಿಷ್ ಸರ್ಕಾರ ಯುದ್ಧನಿಧಿ ಎತ್ತಿತು. ಅಲ್ಲಿ ಕೇಳುವವರು ಕಂದಾಯ ಕಟ್ಟಿಸಿಕೊಳ್ಳುವ ಅಧಿಕಾರಿಗಳೇ ಆಗಿದ್ದರು. 1940ರ ವೈಯಕ್ತಿಕ ಸತ್ಯಾಗ್ರಹಿಗಳು ಬೀದಿಗಿಳಿದು, ಈ ಯುದ್ಧಕ್ಕೆ ಜನವನ್ನಾಗಲಿ ಹಣವನ್ನಾಗಲಿ ಕೊಡುವುದು ತಪ್ಪು ಎಂದು ಸಾರಿದರು. ಎರಡೂ ಕಡೆ ರಶೀದಿ ಇತ್ತು. ವ್ಯತ್ಯಾಸವಿದ್ದದ್ದು ಕೇಳುವವರ ಕೈಯಲ್ಲಿದ್ದ ಅಧಿಕಾರದಲ್ಲಿ.

ಮೂರನೆಯದು: ಎಲ್ಲವನ್ನೂ ಬ್ಯಾಂಕಿನ ಮೂಲಕ ಮಾಡಿದರೆ ಸಾಲದೇ? 2018ರಿಂದ ಚುನಾವಣಾ ಬಾಂಡುಗಳ ಹೆಸರಿನಲ್ಲಿ ಆ ಪ್ರಯೋಗವೂ ನಡೆಯಿತು. ಸರ್ಕಾರಿ ಒಡೆತನದ ಸ್ಟೇಟ್ ಬ್ಯಾಂಕಿನ ಕೌಂಟರಿನಲ್ಲಿ ಬಾಂಡು ಮಾರಾಟವಾಯಿತು. ಕೊಟ್ಟವರ ಹೆಸರು ಮತದಾರರಿಗೆ ಕಾಣದಂತೆ ಇತ್ತು. 2024ರ ಫೆಬ್ರವರಿ 15ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಈ ಯೋಜನೆ ಸಂವಿಧಾನಬಾಹಿರ ಎಂದಿತು. ಅಷ್ಟರಲ್ಲಿ 16,000 ಕೋಟಿಗೂ ಹೆಚ್ಚು ರೂಪಾಯಿಯ ಬಾಂಡುಗಳು ಮಾರಾಟವಾಗಿದ್ದವು. ಮಾರ್ಚಿನಲ್ಲಿ ಪಟ್ಟಿ ಹೊರಬಂದಾಗ, ತನಿಖಾ ಸಂಸ್ಥೆಗಳ ಕ್ರಮ ಎದುರಿಸುತ್ತಿದ್ದ ಕಂಪನಿಗಳೂ ಬಾಂಡು ಕೊಂಡವರಲ್ಲಿದ್ದುದು ಕಂಡಿತು. ಯಾವುದು ಭಯದಿಂದ ಕೊಟ್ಟದ್ದು, ಯಾವುದು ಲಾಭಕ್ಕಾಗಿ ಕೊಟ್ಟದ್ದು, ಯಾವುದು ಮನಸಾರೆ ಕೊಟ್ಟದ್ದು ಎಂದು ಪಟ್ಟಿ ನೋಡಿ ಹೇಳಲಾಗದು. ಅಧಿಕಾರ ಮತ್ತು ಚಂದಾ ಒಂದೇ ಕೋಣೆಯಲ್ಲಿ ಕುಳಿತರೆ ಆಗುವುದೇ ಇದು: ಪ್ರಾಮಾಣಿಕವಾಗಿ ಕೊಟ್ಟವರೂ ಅನುಮಾನಕ್ಕೆ ಒಳಗಾಗುತ್ತಾರೆ.

ನಾಲ್ಕನೆಯ ಮಾತು ನಮ್ಮ ನಡುವೆ ಪಿಸುದನಿಯಲ್ಲಿ ಬರುತ್ತದೆ: "ಎಲ್ಲರೂ ಮಾಡುತ್ತಾರೆ, ನಮ್ಮವರು ಮಾತ್ರ ಯಾಕೆ ಬಿಡಬೇಕು?" ನಮ್ಮವರು ಎಂದರೆ ನಮ್ಮ ಪಕ್ಷದವರು, ನಮ್ಮ ಜಾತಿಯವರು, ನಮ್ಮ ಜಮಾಅತಿನವರು. ಪುರಸಭೆಯಲ್ಲೋ ಪಂಚಾಯಿತಿಯಲ್ಲೋ ನಮ್ಮವರೊಬ್ಬರು ಕುರ್ಚಿ ಏರಿದಾಗ ಆ ಕುರ್ಚಿ ನಮ್ಮದು ಎಂಬ ಭಾವನೆ ಎಷ್ಟು ಬೇಗ ಬರುತ್ತದೆ! ಬೇರೆಯವರು ಕೇಳಿದರೆ ವಸೂಲಿ, ನಮ್ಮವರು ಕೇಳಿದರೆ ಸಮಾಜ ಸೇವೆ. ಆದರೆ ಕಾಗದ ಹಿಡಿದು ನಿಂತವರ ಕಡೆಯಿಂದ ನೋಡಿದರೆ ಎರಡೂ ಒಂದೇ. ತಮ್ಮವರಲ್ಲದವರು ನಮ್ಮ ಎದುರು ನಿಂತಾಗ ಅವರ ಮನಸ್ಸಿನಲ್ಲಿ ಏನಾಗುತ್ತದೆ ಎಂದು ಅಲ್ಪಸಂಖ್ಯಾತರಾದ ನಮಗಾದರೂ ಹೇಳಿಕೊಡಬೇಕಾಗಿಲ್ಲ.

ಉದ್ದೇಶ ಒಳ್ಳೆಯದಾದರೆ ಆಗಬಹುದೇ ಎಂಬ ಪ್ರಶ್ನೆಗೆ ನಮ್ಮದೇ ಒಂದು ಸಣ್ಣ ಅನುಭವವಿದೆ. ಹಿಂದೊಮ್ಮೆ ಒಂದು ಕಚೇರಿಯಲ್ಲಿ ದಾಖಲೆಗಾಗಿ ಸಾಲಿನಲ್ಲಿ ನಿಂತಿದ್ದೆವು. ಕಿಟಕಿಯ ಆಚೆಯವರು ಅರ್ಜಿಯ ಜೊತೆ ಧ್ವಜ ದಿನದ ಚೀಟಿಯೊಂದನ್ನೂ ಮುಂದಿಟ್ಟರು. ಸೈನಿಕರ ಕುಟುಂಬಗಳಿಗೆ ಹೋಗುವ ಹಣ, ಪ್ರತಿ ವರ್ಷ ಡಿಸೆಂಬರ್ 7ಕ್ಕೆ ನಡೆಯುವ ಗೌರವದ ಕಾರ್ಯ. ಬೀದಿಯಲ್ಲಿ ಕೇಳಿದ್ದರೆ ಸಂತೋಷದಿಂದ ಎರಡು ಚೀಟಿ ಕೊಳ್ಳುತ್ತಿದ್ದೆವು. ಅಲ್ಲಿ ಮಾತ್ರ ಕೊಟ್ಟ ಮೇಲೆ ಮನಸ್ಸಿಗೆ ಕಿರಿಕಿರಿಯಾಯಿತು. ಸಾಲಿನಲ್ಲಿ ನಮ್ಮ ಹಿಂದಿದ್ದ ಮುದುಕಿ ಸೆರಗಿನ ಗಂಟು ಬಿಚ್ಚಿ ಎಣಿಸುತ್ತಿದ್ದರು. ಅದು ಶುಲ್ಕ ಎಂದು ಅವರು ತಿಳಿದಿದ್ದರು. ಅದು ಕಡ್ಡಾಯವಲ್ಲ ಎಂದು ನಾವು ಹೇಳಬಹುದಿತ್ತು. ನಮ್ಮ ದಾಖಲೆ ಇನ್ನೂ ಕೈಗೆ ಬಂದಿರಲಿಲ್ಲವಾದ್ದರಿಂದ ಹೇಳಲಿಲ್ಲ. ಸೈನಿಕರ ಹೆಸರಿನ ಪವಿತ್ರ ಹಣಕ್ಕೇ ಹೀಗಾದರೆ ಪಕ್ಷದ ಹಣದ ಮಾತೇನು?

ಇಷ್ಟು ಹೇಳಿ ನಿಲ್ಲಿಸಿದರೆ ಅರ್ಧ ಸತ್ಯ ಹೇಳಿದಂತಾಗುತ್ತದೆ. ರಶೀದಿ ಪುಸ್ತಕ ಆ ಮೇಜಿಗೆ ಹೋದದ್ದು ಹೇಗೆ ಎಂದು ಹಿಂದಕ್ಕೆ ನಡೆದು ನೋಡಿದರೆ ಹೆಜ್ಜೆಗಳು ನಮ್ಮ ಮನೆಯ ಕಡೆಗೂ ಬರುತ್ತವೆ. ಊರಿನ ಉರೂಸಿಗೆ ಶಾಸಕರಿಂದ ಎಷ್ಟು ಬಂತು ಎಂದು ಕೇಳುವವರು ನಾವು. ಜಾತ್ರೆಗೆ, ಆಟಕ್ಕೆ, ಕಬಡ್ಡಿ ಮತ್ತು ಕ್ರಿಕೆಟ್ ಪಂದ್ಯಕ್ಕೆ, ಮಸೀದಿಯ ಕಾಂಪೌಂಡಿಗೆ, ದೇವಸ್ಥಾನದ ಮಂಟಪಕ್ಕೆ, ಮದುವೆಯ ಮನೆಗೆ, ಆಸ್ಪತ್ರೆಯ ಬಿಲ್ಲಿಗೆ ಜನಪ್ರತಿನಿಧಿಯ ಬಾಗಿಲು ತಟ್ಟುವವರು ನಾವು. ಸಾವಿರ ಕೊಟ್ಟವರನ್ನು ಜಿಪುಣರೆಂದು ಆಡಿಕೊಂಡು, ಲಕ್ಷ ಕೊಟ್ಟವರನ್ನು ದಾನಶೂರ ಕರ್ಣ ಎಂದು ಫ್ಲೆಕ್ಸಿಗೆ ಏರಿಸುತ್ತೇವೆ. ಇಷ್ಟು ಕೈಗಳಿಗೆ ಹಂಚುವುದಕ್ಕೆ ಒಬ್ಬ ಶಾಸಕರ ಸಂಬಳ ಎಲ್ಲಿ ಸಾಲುತ್ತದೆ? ಅವರು ಎಲ್ಲಿಂದಲಾದರೂ ತರಬೇಕು. ಗುತ್ತಿಗೆದಾರರಿಂದ ತರುತ್ತಾರೆ, ಪರವಾನಗಿಗೆ ಬಂದವರಿಂದ ತರುತ್ತಾರೆ, ಕೊನೆಗೆ ಹಕ್ಕುಪತ್ರದವರಿಂದಲೂ ತರುತ್ತಾರೆ. ಹಲಾಲ್ ಹರಾಮ್‌ಗಳ ಬಗ್ಗೆ ಊಟದ ತಟ್ಟೆಯಲ್ಲಿ ಅಷ್ಟು ಎಚ್ಚರ ವಹಿಸುವ ನಾವು ಮಸೀದಿಯ ಗೋಡೆಗೆ ಬಂದ ಇಟ್ಟಿಗೆ ಯಾರ ಅಂಜಿಕೆಯಿಂದ ಬಂತು ಎಂದು ಕೇಳಿದ್ದು ಕಡಿಮೆ. ದೇವಸ್ಥಾನದ ಗೆಳೆಯರೂ ಕೇಳಿದ್ದು ಕಡಿಮೆಯೇ.

ಆದ್ದರಿಂದ ಎರಡು ಕೆಲಸ ಒಟ್ಟಿಗೆ ಆಗಬೇಕು. ಒಂದು ಕಾನೂನಿನದು. ಸರ್ಕಾರಿ ಕಟ್ಟಡ, ವಾಹನ, ದೂರವಾಣಿ, ಲೆಟರ್‌ಹೆಡ್, ಸಿಬ್ಬಂದಿ ಇವುಗಳನ್ನು ಬಳಸಿ ಪಕ್ಷಕ್ಕಾಗಲಿ ಚುನಾವಣೆಗಾಗಲಿ ಹಣ ಕೇಳುವುದನ್ನು ವರ್ಷದ ಎಲ್ಲ ದಿನವೂ ನಿಷೇಧಿಸಬೇಕು. ಇದು ನೌಕರರಿಗಷ್ಟೇ ಸೀಮಿತವಾಗದೆ ಪಂಚಾಯಿತಿ ಸದಸ್ಯರಿಂದ ಮಂತ್ರಿಗಳವರೆಗೆ ಎಲ್ಲರಿಗೂ ಅನ್ವಯಿಸಬೇಕು. ತಮ್ಮ ಮುಂದೆ ಅರ್ಜಿಯೋ ಕಡತವೋ ಬಾಕಿ ಇರುವವರಿಂದ ಯಾವ ಜಾಗದಲ್ಲೂ ಕೇಳಬಾರದು ಎಂದು ಸೇರಿಸಿದರೆ ಮನೆಗೆ ಕರೆಸುವ ಕಿಂಡಿಯೂ ಸ್ವಲ್ಪ ಮುಚ್ಚುತ್ತದೆ. ಪ್ರತಿ ತಾಲೂಕು ಕಚೇರಿಯಲ್ಲಿ, "ಇಲ್ಲಿ ಯಾರೂ ಪಕ್ಷಕ್ಕೆ ಚಂದಾ ಕೇಳುವಂತಿಲ್ಲ, ಕೇಳಿದರೆ ಕೊಡಬೇಕಾಗಿಲ್ಲ" ಎಂದು ಕನ್ನಡದಲ್ಲಿ ಒಂದು ಫಲಕ ಹಾಕಬೇಕು. ಕಾನೂನು ಪುಸ್ತಕ ಓದಲಾಗದವರಿಗೆ ಆ ಫಲಕವೇ ಕಾನೂನು. ಲೋಕಾಯುಕ್ತದಂಥ ಸಂಸ್ಥೆಗೆ 1984ರಲ್ಲಿ ಕಾಯ್ದೆ ಮಾಡಿದ ರಾಜ್ಯ ನಮ್ಮದು. ಆಗಿನ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು ಇದೇ ಜಿಲ್ಲೆಯ ಸಿದ್ದಾಪುರದ ಕಡೆಯವರು. ಈ ಸಣ್ಣ ಫಲಕ ನಮ್ಮ ರಾಜ್ಯಕ್ಕೆ ಹೊರಲಾಗದ ಭಾರವೇನಲ್ಲ.

ಇನ್ನೊಂದು ಕೆಲಸಕ್ಕೆ ಕಾನೂನು ಬೇಕಾಗಿಲ್ಲ. ನಮ್ಮ ಜಮಾಅತ್, ನಮ್ಮ ದೇವಸ್ಥಾನ ಸಮಿತಿ, ನಮ್ಮ ಯುವಕ ಮಂಡಲ ಮುಂದಿನ ಸಭೆಯಲ್ಲಿ ಒಂದು ಠರಾವು ಮಾಡಬಹುದು: ಅಧಿಕಾರದಲ್ಲಿ ಇರುವವರೆಗೆ ಯಾವ ಜನಪ್ರತಿನಿಧಿಯ ಬಳಿಯೂ ನಾವು ಚಂದಾಕ್ಕೆ ಹೋಗುವುದಿಲ್ಲ. ಊರಿಗೆ ರಸ್ತೆ ಕೇಳೋಣ, ನೀರು ಕೇಳೋಣ, ಹಕ್ಕುಪತ್ರ ಕೇಳೋಣ, ಗಟ್ಟಿಯಾಗಿಯೇ ಕೇಳೋಣ. ಅವು ನಮ್ಮ ಹಕ್ಕುಗಳು. ಚಂದಾವನ್ನು ಮಾತ್ರ ನಮ್ಮ ನಮ್ಮಲ್ಲೇ, ಮನೆಯ ಬಾಗಿಲುಗಳಲ್ಲೇ ಎತ್ತಿಕೊಳ್ಳೋಣ. ಆಗ ಕಾಂಪೌಂಡು ಗೋಡೆ ಏಳಲು ಒಂದು ವರ್ಷ ಹೆಚ್ಚು ಹಿಡಿಯಬಹುದು. ಹಿಡಿಯಲಿ. ಬಾಗಿಲಿಗೆ ಹೋದಾಗ ಯಾರಾದರೂ "ನಾಳೆ ಬನ್ನಿ" ಎಂದರೆ ಬೇಸರಿಸದೆ ಮುಂದಿನ ಮನೆಗೆ ನಡೆಯೋಣ. ಹಾಗೆ ಹೇಳುವ ಸ್ವಾತಂತ್ರ್ಯ ಅವರಿಗೆ ಉಳಿದಿದೆಯಲ್ಲ ಎಂದು ಸಂತೋಷಪಡೋಣ.